ಹೇಳದೆ ಬಂದವರು

ನಮ್ಮ ಮನೆಯಿರುವುದು ಘಟ್ಟದ ಕೆಳಗೆ, ಗೋವೆಯ ಮೊಲೆಂನಲ್ಲಿ. ನನಗೆ ಅನ್ನ ಕೊಡುವ ಶಾಲೆಯಿರುವುದು ಘಟ್ಟದ ಮೇಲೆ, ಜೋಯಿಡಾ ತಾಲೂಕಿನ ಒಂದು ಹಳ್ಳಿಯಲ್ಲಿ. ನಡುವೆ ಅನಮೋಡ ಘಾಟು. ಸೋಮವಾರ ನಸುಕಿನಲ್ಲಿ ಬಸ್ಸು ಹತ್ತಿ ಕರ್ನಾಟಕಕ್ಕೆ ಏರುತ್ತೇನೆ. ಶನಿವಾರ ಮುಂಜಾನೆಯ ಶಾಲೆ ಮುಗಿಸಿ, ಹಾಜರಿ ಪುಸ್ತಕವನ್ನು ಕಪಾಟಿನಲ್ಲಿಟ್ಟು, ಗೋವೆಗೆ ಇಳಿಯುತ್ತೇನೆ. ಹೀಗೆ ವಾರಕ್ಕೆರಡು ಬಾರಿ ಗಡಿ ದಾಟುವವನಿಗೆ ತಾನು ಯಾವ ಕಡೆ ಯಜಮಾನ, ಯಾವ ಕಡೆ ಅತಿಥಿ ಎಂಬುದು ಒಮ್ಮೊಮ್ಮೆ ಮರೆತುಹೋಗುವುದುಂಟು. ಗಡಿಯ ಎರಡೂ ಮಗ್ಗುಲಲ್ಲಿ ಬಳಗವನ್ನಿಟ್ಟುಕೊಂಡಿರುವ ಈ ಪತ್ರಿಕೆಯ ಓದುಗ ಬಂಧುಗಳಿಗೆ ಈ ಮರೆವು ಹೊಸದಲ್ಲವೆಂದು ನಂಬಿದ್ದೇನೆ.

ಅತಿಥಿ ಎಂಬ ಶಬ್ದ ಬಂದದ್ದರಿಂದ ಒಂದು ಮಾತು. ಧಾರವಾಡದಲ್ಲಿ ನಾನು ಟಿ.ಸಿ.ಎಚ್. ಓದುತ್ತಿದ್ದಾಗ ನಮಗೆ ಭಾಷಾಬೋಧನೆ ಕಲಿಸುತ್ತಿದ್ದ ಗುರುಗಳು ಈ ಶಬ್ದವನ್ನು ಎರಡು ಬಗೆಯಾಗಿ ಬಿಡಿಸಿ ತೋರಿಸಿದ್ದರು. ತಿಥಿ ನೋಡದೆ, ದಿನ ಗೊತ್ತುಮಾಡದೆ ಬರುವವನು ಅತಿಥಿ ಎಂಬುದು ಜನ ಒಪ್ಪಿಕೊಂಡ ಅರ್ಥ. ಸದಾ ನಡೆಯುತ್ತಿರುವುದು ಎಂಬರ್ಥದ ಧಾತುವಿನಿಂದ ಹುಟ್ಟಿದ ಶಬ್ದವಿದು, ಆದ್ದರಿಂದ ಅತಿಥಿಯೆಂದರೆ ದಾರಿ ನಡೆಯುವವನು ಎಂಬುದು ವ್ಯಾಕರಣಕಾರರ ಅರ್ಥ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕೆಂದು ನಾವು ಕೇಳಿದ್ದಕ್ಕೆ, “ಮನೆ ದಾರಿಯ ಮಗ್ಗುಲಿಗಿದ್ದರೆ ಎರಡನೆಯದು, ಒಳಗಿದ್ದರೆ ಮೊದಲನೆಯದು” ಎಂದು ಅವರು ನಕ್ಕಿದ್ದರು. ನಮ್ಮ ಮನೆ ದಾರಿಯ ಮಗ್ಗುಲಿಗೇ ಇದೆ.

ದಾರಿಯೆಂದರೆ ಸಾಮಾನ್ಯವಾದ ದಾರಿಯಲ್ಲ. ಬೆಳಗಾವಿಯಿಂದ ಪಣಜಿಗೆ ಹೋಗುವ ಹೆದ್ದಾರಿ. ಹಿಂದೆ 4ಎ ಎನ್ನುತ್ತಿದ್ದರು, ಈಗ ಕಾಗದಪತ್ರಗಳಲ್ಲಿ 748 ಎಂದಿದೆ. ಘಾಟು ಇಳಿದು ಬಂದ ಲಾರಿಗಳು ಮೊಲೆಂ ಚೌಕಿಯಲ್ಲಿ ನಿಂತು ಉಸಿರುಬಿಡುತ್ತವೆ. ಗೋವೆಯವರ ಅಡಿಗೆಮನೆಗೆ ಬೆಳಗಾವಿಯ ಕಾಯಿಪಲ್ಲೆ ಹೋಗುವ ದಾರಿಗಳಲ್ಲಿ ಇದೂ ಒಂದು. ಹೊಸತಾಗಿ ಆರಂಭವಾದ ಹೋಗುಬರವೂ ಇದಲ್ಲ. ನಮ್ಮೂರಿನ ಉತ್ತರಕ್ಕೆ ಕಾಡಿನೊಳಗೆ ತಾಂಬಡಿ ಸುರ್ಲಾದಲ್ಲಿ ಕರಿಕಲ್ಲಿನ ಮಹಾದೇವ ದೇವಾಲಯವೊಂದಿದೆ. ಕಟ್ಟಿಸಿದವರು ಕದಂಬರ ಕಾಲದವರು. ಕೆಳಗೆ ಗೋಪಕಪಟ್ಟಣದಿಂದ ಆಳಿ, ಮೇಲೆ ಖಾನಾಪುರದ ಹಲಸಿಯಲ್ಲೂ ರಾಜಧಾನಿಯನ್ನಿಟ್ಟುಕೊಂಡಿದ್ದ ಮನೆತನ. ಅವರೂ ನನ್ನ ಹಾಗೆಯೇ ಘಟ್ಟ ಏರಿ ಇಳಿಯುತ್ತಿದ್ದವರೆಂದು ನೆನೆದಾಗ ಸೋಮವಾರದ ಬಸ್ಸಿನ ನೂಕುನುಗ್ಗಲು ಸ್ವಲ್ಪ ಹಗುರವಾಗುತ್ತದೆ.

ದಾರಿಯ ಎರಡೂ ಕಡೆ ಅರಣ್ಯ. 1969ರಲ್ಲಿ, ಅಂದರೆ ನಾನು ಹುಟ್ಟಿದ ವರುಷವೇ, ಇದನ್ನು ವನ್ಯಮೃಗಧಾಮವೆಂದು ಸಾರಿದರು. 1978ರಲ್ಲಿ ಅದರ ನಡುವಿನ 107 ಚದರ ಕಿಲೋಮೀಟರು ರಾಷ್ಟ್ರೀಯ ಉದ್ಯಾನವಾಯಿತು. ಈಗ ಎಲ್ಲವೂ ಸೇರಿ ಭಗವಾನ್ ಮಹಾವೀರರ ಹೆಸರಿನಲ್ಲಿ 240 ಚದರ ಕಿಲೋಮೀಟರು. ನಮ್ಮಪ್ಪ ಈ ಮನೆಯನ್ನು ಕೊಂಡದ್ದೂ ಆ 1978ರಲ್ಲೇ. ಗದಗದ ಕಡೆಯ ಒಣಬೇಸಾಯದ ಮನೆಯಲ್ಲಿ ಹುಟ್ಟಿದ ಅಪ್ಪ, ಗೋವೆ ವಿಮೋಚನೆಗೊಂಡು ಇಲ್ಲಿನ ರೈಲುದಾರಿ ಭಾರತೀಯ ರೈಲ್ವೆಗೆ ಸೇರಿದ ಮೇಲೆ ಕುಳೆಂನಲ್ಲಿ ಗ್ಯಾಂಗ್‌ಮನ್ ಆಗಿ ಬಂದರು. ಆಗಿನ್ನೂ ಮೀಟರ್ ಗೇಜು. ಕುಳೆಂನಿಂದ ಕ್ಯಾಸಲ್‌ರಾಕಿಗೆ ಗಾಡಿ ಘಟ್ಟ ಹತ್ತಬೇಕಾದರೆ ಹಿಂದಿನಿಂದ ದೂಡಲು ಬೇರೆ ಇಂಜಿನ್ನು ಬೇಕು. ಆ ಹಳಿಯ ಮೇಲೆ ಸುತ್ತಿಗೆ ಹಿಡಿದು ದೂಧಸಾಗರದ ಹನಿಯಲ್ಲಿ ತೊಯ್ಯುತ್ತ ನಡೆದದ್ದೇ ಅವರ ಆಯುಷ್ಯವಾಯಿತು. ಜೋಳದ ಸೀಮೆಯ ಮನುಷ್ಯನಿಗೆ ಹನ್ನೆರಡು ಅಡಿಕೆಮರ, ಒಂದು ಬಾವಿ, ಮುಂದೆ ಉದ್ದನೆಯ ಜಗಲಿಯುಳ್ಳ ಹೆಂಚಿನ ಮನೆ ಸಿಕ್ಕಿದ್ದು ಸ್ವರ್ಗವೇ ಸಿಕ್ಕಿದ ಹಾಗಾಗಿತ್ತು. ಅಂಗಳಕ್ಕೆ ಬೇಲಿಯಿತ್ತು, ಗೇಟು ಇರಲಿಲ್ಲ.

ಓದಿಗೆಂದು ನನ್ನನ್ನು ಧಾರವಾಡದ ಸೋದರಮಾವನ ಮನೆಯಲ್ಲಿ ಬಿಟ್ಟಿದ್ದರಾದ್ದರಿಂದ ನನ್ನ ಬಾಲ್ಯದ ಮೊಲೆಂ ಎಂದರೆ ರಜೆಯ ಮೊಲೆಂ. ಆ ರಜೆಗಳಲ್ಲಿ ನಮ್ಮ ಜಗಲಿ ಬರಿದಾಗಿದ್ದುದನ್ನು ನಾನು ಕಂಡೇ ಇಲ್ಲ. ದರೆ ಕುಸಿದು ಗಾಡಿ ನಿಂತರೆ ಅಪ್ಪನ ಹಿಂದೆ ನಾಲ್ಕು ಜನ ಬರುತ್ತಿದ್ದರು. ಘಾಟಿನಲ್ಲಿ ಬಸ್ಸು ಕೆಟ್ಟರೆ ಕಂಡಕ್ಟರನೇ “ಅಲ್ಲಿ ಕನ್ನಡದವರ ಮನಿ ಐತಿ ಹೋಗ್ರಿ” ಎಂದು ತೋರಿಸುತ್ತಿದ್ದ. ಹುಲಕೋಟಿಯ ಹತ್ತಿ ವ್ಯಾಪಾರಿ, ಸಮುದ್ರ ನೋಡಲೆಂದು ಮನೆ ಬಿಟ್ಟು ಓಡಿಬಂದ ಹುಡುಗ, ಮಗಳ ಬಾಣಂತನಕ್ಕೆ ವಾಸ್ಕೋಗೆ ಹೊರಟ ಮುದುಕಿ, ಇವರೆಲ್ಲ ಒಂದೊಂದು ರಾತ್ರಿ ನಮ್ಮ ಜಗಲಿಯಲ್ಲಿ ಮಲಗಿ ಎದ್ದು ಹೋದವರು. ಆ ಹುಡುಗ ಸಮುದ್ರ ನೋಡಿದನೋ ಇಲ್ಲವೋ, ಇಂದಿಗೂ ಗೊತ್ತಿಲ್ಲ.

ಇದೆಲ್ಲವನ್ನೂ ನಾನು ಬಹಳ ದಿನ ಅಪ್ಪನ ಔದಾರ್ಯವೆಂದೇ ತಿಳಿದು, ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿಯೆದುರು ವರ್ಣಿಸಿದ್ದೆ. ಆಕೆ ಪೂರ್ತಿ ಕೇಳಿ, “ಮಾವನವರು ಕರಕೊಂಡು ಬರ್ತಿದ್ರು, ಖರೆ. ರಾತ್ರಿ ಹತ್ತಕ್ಕ ಒಲಿ ಹಚ್ಚತಿದ್ದವರು ಯಾರು?” ಎಂದಳು. ಅಡಿಗೆಮನೆಯಲ್ಲಿ ಅವ್ವ ನಕ್ಕದ್ದು ಕೇಳಿಸಿತು. ಮುಂದೆ ನನ್ನ ಗೆಳೆಯರು ಬರತೊಡಗಿದಾಗ ಆಕೆಯ ಮಾತು ಇನ್ನಷ್ಟು ಚುರುಕಾಯಿತು: “ಅತಿಥಿ ಸತ್ಕಾರದ ಪುಣ್ಯ ನಿಮಗ, ಹೊಗಿ ನನಗ.” ಇದಕ್ಕೆ ಉತ್ತರವನ್ನು ಯಾವ ತರಬೇತಿ ಕಾಲೇಜಿನಲ್ಲೂ ಕಲಿಸುವುದಿಲ್ಲ. ಅತಿಥಿಗಳ ಆನಂದವನ್ನು ಕುರಿತು ಬರೆಯ ಹೊರಟವನು ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಕ್ಷೇಮ.

ಆದರೂ ಆನಂದವಿತ್ತು, ಆಕೆಗೂ ಇತ್ತು. ಟಿ.ಸಿ.ಎಚ್.ನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕುಳಿತವನೊಬ್ಬ ಈಗ ಗದಗ ಜಿಲ್ಲೆಯಲ್ಲಿ ನನ್ನ ಹಾಗೆಯೇ ಹೆಡ್‌ಮಾಸ್ತರನಾಗಿದ್ದಾನೆ. ವರುಷಕ್ಕೊಮ್ಮೆ, ಎಂದು ಎಂಬುದು ತಿಳಿಯದ ಹಾಗೆ, ಕಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಹಿಡಿದು ಬಂದಿಳಿಯುತ್ತಾನೆ. ಕಿಸೆಯಲ್ಲಿ ಮೊಬೈಲು ಇದೆ, ಮಾಡುವುದಿಲ್ಲ. “ಫೋನ್ ಮಾಡಿ ಬಂದರ ವೈನಿ ಹೋಳಿಗಿ ಮಾಡ್ತಾರ, ಮಾಡದ ಬಂದರ ಮನ್ಯಾಗ ಇದ್ದದ್ದು ಕೊಡ್ತಾರ. ನನಗ ಬೇಕಾದದ್ದು ಅದ” ಎನ್ನುವುದು ಅವನ ವಾದ. ಆಕೆ ಅವನಿಗೆ ಬಯ್ಯುತ್ತಲೇ ಬಾವಿಗೆ ಕೊಡ ಇಳಿಸುತ್ತಾಳೆ. ರಾತ್ರಿ ಜಗಲಿಯಲ್ಲಿ ಚಾಪೆ ಹಾಸಿ ನಾವಿಬ್ಬರೂ ಬಿಸಿಯೂಟದ ಲೆಕ್ಕ, ದಾಖಲಾತಿ ಕುಸಿದ ಶಾಲೆಗಳು, ಏರಿದ ರಕ್ತದೊತ್ತಡ ಎಲ್ಲವನ್ನೂ ಮಾತಾಡಿ ಮುಗಿಸುತ್ತೇವೆ. ಆಮೇಲೆ ಮಾತಾಡದೆ ಕಾಡಿನ ಸದ್ದು ಕೇಳುತ್ತ ಕೂಡುವ ಅರ್ಧ ತಾಸು ಇದೆಯಲ್ಲ, ಅದಕ್ಕಾಗಿಯೇ ಅವನು ಬರುತ್ತಾನೆಂದು ನನ್ನ ಗುಮಾನಿ.

ಕಾಡಿನವರ ಸುದ್ದಿಯನ್ನು ಈಗ ಹೇಳಬೇಕು. ಅವರೂ ಹೇಳದೆ ಬರುವವರೇ. ಮಳೆಗಾಲದ ನಸುಕಿನಲ್ಲಿ ಬಾವಿಯ ಕಟ್ಟೆಯ ಬಳಿ ಯಾವನೋ ಹುಡುಗ ರಾಗವನ್ನು ಅರ್ಧಕ್ಕೆ ಮರೆತು, ಮತ್ತೆ ಮೊದಲಿನಿಂದ ಸಿಳ್ಳು ಹಾಕುತ್ತಿರುವಂತೆ ಕೇಳುತ್ತದೆ. ಅದು ಸಿಳ್ಳಾರ ಹಕ್ಕಿ; ಹಣೆಯಲ್ಲೂ ಭುಜದಲ್ಲೂ ನೀಲಿ ಹೊಳಪಿನ ಕಪ್ಪು ಹಕ್ಕಿ. ಇಂಗ್ಲಿಷಿನಲ್ಲಿ ಇದಕ್ಕೆ ಸಿಳ್ಳು ಹಾಕುವ ಶಾಲೆಯ ಹುಡುಗನೆಂದೇ ಅಡ್ಡಹೆಸರು. ಮೂವತ್ತು ವರುಷ ಸಿಳ್ಳು ಹಾಕುವ ಹುಡುಗರ ಕಿವಿ ಹಿಂಡಿದ ನನಗೆ, ರಜೆಯ ದಿನ ಆ ಸಿಳ್ಳಿಗೇ ಎಚ್ಚರವಾಗಬೇಕೆಂಬ ಶಿಕ್ಷೆಯನ್ನು ಯಾರು ವಿಧಿಸಿದರೋ ತಿಳಿಯದು. ಅಡಿಕೆಮರದ ಮೇಲೆ ತೊಗಟೆಯ ಬಣ್ಣದ ಹಾರುವ ಓತಿ ಅಂಟಿಕೊಂಡಿರುತ್ತದೆ. ಮೊಳಕಾಲಿನ ಕೆಳಗೆ ಬಿಳಿಯ ಕಾಲುಚೀಲ ತೊಟ್ಟಂತೆ ಕಾಣುವ ಕಾಟಿಗಳು, ಗೋವೆಯವರು ಅಭಿಮಾನದಿಂದ ರಾಜ್ಯಪ್ರಾಣಿ ಮಾಡಿಕೊಂಡಿರುವ ಕಾಡುಕೋಣಗಳು, ಬೇಸಿಗೆಯ ರಾತ್ರಿ ಬೇಲಿಯ ಸಂದಿಯಿಂದ ಬಂದು ನಮ್ಮ ಆಕಳಿನ ತೊಟ್ಟಿಯಲ್ಲಿ ನೀರು ಕುಡಿದು ಹೋಗುತ್ತವೆ. ಒಂದು ಟನ್ನಿನವರೆಗೂ ತೂಗಬಲ್ಲ ಆ ಪ್ರಾಣಿ ಎಷ್ಟು ಸದ್ದಿಲ್ಲದೆ ಬರುತ್ತದೆಯೆಂದರೆ, ಮರುದಿನ ಗೊರಸಿನ ಗುರುತು ಕಂಡಾಗಲೇ ಬಂದಿದ್ದರೆಂದು ತಿಳಿಯುವುದು.

ಇವರೆಲ್ಲರಲ್ಲಿ ನನ್ನ ಹೆಂಡತಿ ಮೆಚ್ಚಿದ ಅತಿಥಿ ಒಂದೇ. ಒಂದು ಮಳೆಗಾಲದ ರಾತ್ರಿ ಜಗಲಿಯ ದೀಪಕ್ಕೆ ಅಟ್ಲಾಸ್ ಪತಂಗವೊಂದು ಬಂತು. ರೆಕ್ಕೆ ಬಿಚ್ಚಿದರೆ ಒಂದು ಗೇಣು ಅಗಲ. ಇಟ್ಟಂಗಿಯ ಬಣ್ಣದ ಮೇಲೆ ಗಾಜಿನ ಕಿಟಕಿಗಳಂಥ ಗುರುತು. ಎರಡು ದಿನ ಗೋಡೆಗೆ ಅಂಟಿಕೊಂಡು ಕುಳಿತಿತ್ತು. ಅದಕ್ಕೇನಾದರೂ ತಿನ್ನಲು ಇಡಬೇಕೇ ಎಂದು ಆಕೆ ಕೇಳಿದಳು. ಪತಂಗವಾದ ಮೇಲೆ ಅದಕ್ಕೆ ಉಣ್ಣುವ ಬಾಯಿಯೇ ಇರುವುದಿಲ್ಲ, ಹುಳುವಾಗಿದ್ದಾಗ ತಿಂದದ್ದರ ಮೇಲೆಯೇ ಕೆಲವು ದಿನ ಬದುಕುತ್ತದೆ ಎಂದು ನಾನು ವಿಜ್ಞಾನ ಪಾಠದ ಧ್ವನಿಯಲ್ಲಿ ಹೇಳಿದೆ. ಆಕೆ ಅದರತ್ತ ಬಹಳ ಹೊತ್ತು ನೋಡಿ, “ಇಂಥವರು ದಿನಾ ಬರಲಿ” ಎಂದಳು.

ಬೇಸಿಗೆಯ ಆರಂಭದಲ್ಲಿ ಮಂಗಟ್ಟೆ ಹಕ್ಕಿಗಳ ಸಂಸಾರ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಸೇರಿ, ಬಾಯಿಯನ್ನು ತಾನೇ ಮೆತ್ತಿ ಮುಚ್ಚಿಕೊಳ್ಳುತ್ತದೆ. ಬಿಡುವುದು ಕೊಕ್ಕಿನ ತುದಿ ತೂರುವಷ್ಟು ಸೀಳು ಮಾತ್ರ. ಅಲ್ಲಿಂದ ವಾರಗಟ್ಟಲೆ ಗಂಡು ಹಕ್ಕಿ ಆಲದ, ಅತ್ತಿಯ ಹಣ್ಣನ್ನು ಗಂಟಲಲ್ಲಿ ತುಂಬಿ ತಂದು ಒಂದೊಂದಾಗಿ ಒಳಗೆ ಕೊಡುತ್ತದೆ. ನಮ್ಮ ಹಿತ್ತಲಿನಾಚೆಯ ಹಳೆಯ ಮರದಲ್ಲಿ ಇಂಥ ಒಂದು ಪೊಟರೆಯಿದೆ. ಗಂಡು ಹಕ್ಕಿ ಬರುವಾಗ ರೆಕ್ಕೆಯ ಸದ್ದು ಉಗಿಬಂಡಿಯ ಏದುಸಿರಿನಂತೆ ಕೇಳುತ್ತದೆ; ಅಪ್ಪ ಅದಕ್ಕೆ ಗೂಡ್ಸ್ ಗಾಡಿ ಎನ್ನುತ್ತಿದ್ದರು. ಈ ಕಾಡಿನ ನಡುವೆ ಎರಡನೆಯ ಹಳಿ ಹಾಕುವ, ಹೆದ್ದಾರಿ ಅಗಲಿಸುವ, ವಿದ್ಯುತ್ತಿನ ತಂತಿ ಎಳೆಯುವ ಮೂರು ಯೋಜನೆಗಳ ವಿಷಯದಲ್ಲಿ 2020ರಿಂದ ಗೋವೆಯ ತರುಣರು ದೊಡ್ಡ ಚಳವಳಿಯನ್ನೇ ನಡೆಸಿದರು. ಎರಡನೆಯ ಹಳಿಗೆ ದೊರೆತಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಿ ರದ್ದುಮಾಡಿತು. ಹಳಿಯಿಂದಲೇ ಅನ್ನ ಉಂಡ ಮನೆಯವನಾದ ನಾನು ಈ ವಾದದಲ್ಲಿ ಮಾತಾಡಲು ಹಿಂಜರಿಯುತ್ತೇನೆ. ಆದರೆ ಪೊಟರೆಯ ಆ ಸೀಳನ್ನು ದಿನವೂ ನೋಡುವವನಿಗೆ ಯಾವ ಪಕ್ಷದ ಕಡೆ ಮನಸ್ಸು ವಾಲುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಅಂಗಳಕ್ಕೆ ಗೇಟು ಬಂದದ್ದು 2018ರಲ್ಲಿ. ಅದಕ್ಕೂ ಒಬ್ಬ ಹೇಳದೆ ಬಂದ ಅತಿಥಿಯೇ ಕಾರಣ. ಒಂದು ಬೆಳಿಗ್ಗೆ ಜಗಲಿಯಲ್ಲಿ ನಾಯಿಯಿರಲಿಲ್ಲ. ಸರಪಳಿ ಇತ್ತು, ಕೊರಳಪಟ್ಟಿ ಹರಿದು ಬಿದ್ದಿತ್ತು, ಕೆಸರಿನಲ್ಲಿ ಚಿರತೆಯ ಹೆಜ್ಜೆ. ಮಗ ಪುಣೆಯಿಂದ ದುಡ್ಡು ಕಳಿಸಿ, ಆಳೆತ್ತರದ ಕಬ್ಬಿಣದ ಗೇಟು ಹಾಕಿಸಬೇಕೆಂದು ಹಟ ಹಿಡಿದ. ಹಾಕಿಸಿದೆವು. ಚಿರತೆಯೇನೋ ಬೇಲಿ ಹಾರಿ ಬರಬಲ್ಲದು. ಗೇಟನ್ನು ಕಂಡು ಹಿಂದಕ್ಕೆ ಹೋಗುವವರು ಮನುಷ್ಯರು ಮಾತ್ರ. ಅವ್ವ ಅದರ ಮುಂದೆ ನಿಂತು ಒಮ್ಮೆ ಕೈಯಿಂದ ತಟ್ಟಿ ನೋಡಿ, ಏನೂ ಹೇಳದೆ ಒಳಗೆ ಹೋದಳು.

ಆ ಗೇಟಿನ ಹಿಂದೆ ನಿಂತು ನಾನು ಆಡಿದ ಒಂದು ಮಾತನ್ನು ಬರೆಯಲೆಂದೇ ಇಷ್ಟು ದೂರ ಬಂದಿದ್ದೇನೆ.

2020ರ ಮಾರ್ಚ್. ತಿಂಗಳ ನಡುವಿನಲ್ಲೇ ಶಾಲೆಗಳಿಗೆ ರಜೆ ಕೊಟ್ಟಿದ್ದರಿಂದ ನಾನು ಮೊಲೆಂನಲ್ಲಿದ್ದೆ. 25ನೆಯ ತಾರೀಕು ಯುಗಾದಿ. ಅದೇ ದಿನದಿಂದ ದೇಶವೆಲ್ಲ ಬಾಗಿಲು ಮುಚ್ಚಿತು. ಗೋವೆಯಲ್ಲಿ ಆ ಮೊದಲ ಕೆಲವು ದಿನ ಕಿರಾಣಿ ಅಂಗಡಿಗಳೂ ತೆರೆಯಲಿಲ್ಲ. ಮನೆಯಲ್ಲಿ ನಾವು ಮೂವರು: ಅವ್ವ, ನನ್ನ ಹೆಂಡತಿ, ನಾನು. ಅವ್ವನಿಗೆ ಎಂಬತ್ತು, ಬೇಸಿಗೆಯಲ್ಲೂ ಕೆಮ್ಮು ಬಿಡದ ಎದೆ. ಈ ರೋಗ ಮುದುಕರನ್ನೇ ಹುಡುಕಿಕೊಂಡು ಬರುತ್ತದೆಂದು ಟಿ.ವಿ.ಯವರು ಗಂಟೆಗೊಮ್ಮೆ ಹೇಳುತ್ತಿದ್ದರು. ಡಬ್ಬಿಗಳಲ್ಲಿ ಏಳೆಂಟು ಸೇರು ಕುಚ್ಚಲಕ್ಕಿ, ಅದಕ್ಕಿಂತ ಕಡಿಮೆ ಜೋಳದ ಹಿಟ್ಟು, ಒಂದಿಷ್ಟು ತೊಗರಿಬೇಳೆ. ನನ್ನ ಹೆಂಡತಿ ದಿನವೂ ಅಳೆದು ಹಾಕುತ್ತಿದ್ದಳು.

ಹೆದ್ದಾರಿ ಮೌನವಾಯಿತು. ಹುಟ್ಟಿದಾಗಿನಿಂದ ನಾನು ಅಂಥ ಮೌನವನ್ನು ಕೇಳಿರಲಿಲ್ಲ. ಎರಡನೆಯ ದಿನಕ್ಕೇ ಮುಸುವಗಳು ಡಾಂಬರಿನ ನಡುವೆ ಕುಳಿತು ಹೇನು ನೋಡತೊಡಗಿದವು. ಕಾಟಿಗಳು ಹಗಲೇ ರಸ್ತೆಗೆ ಬಂದವು. ಪತ್ರಿಕೆಗಳಲ್ಲಿ ಇಂಥ ಚಿತ್ರಗಳನ್ನು ಹಾಕಿ ಪ್ರಕೃತಿ ಮರಳಿ ಬಂದಿತೆಂದು ಬರೆದರು. ನನಗೂ ಮೊದಲು ಸಂತೋಷವೇ ಆಯಿತು. ಆದರೆ ಆ ಖಾಲಿ ರಸ್ತೆಯ ಮೇಲೆ ಕಾಟಿಗಳ ಜೊತೆಗೆ ಇನ್ನೂ ಕೆಲವರು ನಡೆಯುತ್ತಿದ್ದರು. ತಲೆಯ ಮೇಲೆ ಗಂಟು, ಬಗಲಲ್ಲಿ ಕೂಸು, ಕೈಯಲ್ಲಿ ಪ್ಲಾಸ್ಟಿಕ್ ಕೊಡ. ಗೋವೆಯ ಮನೆಗಳನ್ನೂ ಹೊಟೆಲುಗಳನ್ನೂ ಕಟ್ಟಿದ ನಮ್ಮ ಉತ್ತರ ಕರ್ನಾಟಕದ ಜನ, ಕೆಲಸವೂ ಇಲ್ಲದೆ ಬಸ್ಸೂ ಇಲ್ಲದೆ, ಊರಿಗೆ ನಡೆದೇ ಹೊರಟಿದ್ದರು.

ತಿಂಗಳ ಕೊನೆಯ ಶನಿವಾರ, ರಾತ್ರಿ ಒಂಬತ್ತರ ಸುಮಾರು. ರಸ್ತೆಯಲ್ಲಿ ಹೆಂಗಸೊಬ್ಬಳು ಕಿರುಚಿದ್ದು ಕೇಳಿಸಿತು. ಬ್ಯಾಟರಿ ಹಿಡಿದು ಹೊರಬಂದೆ. ರಸ್ತೆಯ ನಡುವೆ ಒಂದು ದೊಡ್ಡ ಕಾಟಿ ನಿಂತಿತ್ತು. ಕಣ್ಣುಗಳು ಬೆಳಕಿಗೆ ಹೊಳೆದವು. ಅದರಿಂದ ತಪ್ಪಿಸಿಕೊಂಡು ಓಡಿಬಂದವರು ನಮ್ಮ ಗೇಟಿಗೆ ಒತ್ತಿಕೊಂಡು ನಿಂತಿದ್ದರು. ಇಬ್ಬರು ಗಂಡಸರು, ಇಬ್ಬರು ಹೆಂಗಸರು, ಎಂಟು ಹತ್ತರ ವಯಸ್ಸಿನ ಒಬ್ಬ ಹುಡುಗ, ಒಂದು ಕೈಗೂಸು. ಫೋಂಡಾದ ಕಡೆಯಿಂದ ನಸುಕಿನಲ್ಲಿ ಹೊರಟವರಂತೆ.

“ಯಣ್ಣಾ, ಬಾಗಲಾ ತಗೀರಿ. ಅದು ಹೋಗೂ ತನಕ ನಿಲ್ತೀವಿ, ಅಷ್ಟ.”

ಚಿಲಕದ ಮೇಲೆ ನನ್ನ ಕೈ ಇತ್ತು. ಕೈ ಅಲ್ಲಿಯೇ ನಿಂತಿತು. ಅವ್ವನ ಎದೆ, ಡಬ್ಬಿಯಲ್ಲಿಯ ಅಕ್ಕಿ, ಟಿ.ವಿ.ಯ ಮಾತು, ನಾಳೆ ಯಾರಾದರೂ ಬಂದು ಏಕೆ ಸೇರಿಸಿಕೊಂಡಿರೆಂದು ಕೇಳಿದರೆ ಎಂಬ ಸರಕಾರಿ ನೌಕರನ ಅಂಜಿಕೆ, ಇವೆಲ್ಲ ಒಟ್ಟಿಗೆ ನುಗ್ಗಿದವು. ನಾನು ಹೇಳಿದೆ: “ಇಲ್ಲಿ ಬ್ಯಾಡ್ರಿ. ಮುಂದ ಚೌಕಿ ಐತಿ, ಅಲ್ಲಿ ಹೋಗ್ರಿ.” ಮೂವತ್ತು ವರುಷ ತರಗತಿಯಲ್ಲಿ ಕೆಲಸ ಮಾಡಿದ ಧ್ವನಿ ಅದು, ಗಟ್ಟಿಯಾಗಿ, ಸ್ಪಷ್ಟವಾಗಿ ಹೊರಟಿತು. ಅವರಲ್ಲಿ ಹಿರಿಯನಾದವನು ಏನೂ ವಾದಿಸಲಿಲ್ಲ. “ಹೂಂರಿ” ಎಂದು ಗಂಟು ಎತ್ತಿಕೊಳ್ಳಲು ಬಾಗಿದ. ಅವನು ವಾದಿಸಿದ್ದರೆ ನನಗೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

ಒಳಗಿನಿಂದ ಅವ್ವನ ಧ್ವನಿ ಬಂತು. “ತಮ್ಮಾ, ಯಾರವರು?”

“ಯಾರೋ ದಾರಿಗುಂಟ ಹೊಂಟವರು, ಅವ್ವಾ.”

“ಕೂಸು ಅಳಾಕತ್ತೈತಿ. ಯಾವ ಊರವರಂತ ಕೇಳು.”

ನಾನು ಕೇಳಬೇಕಾಗಲಿಲ್ಲ. ಗೇಟಿನಾಚೆಯಿಂದ ಕೂಸಿನ ತಾಯಿಯೇ, “ಬಾದಾಮಿ ತಾಲೂಕು, ಯವ್ವಾ” ಎಂದಳು. ಅವ್ವನ ತವರು ರೋಣ ತಾಲೂಕು. ಹುಡುಗಿಯಾಗಿದ್ದಾಗ ವರುಷವೂ ಬಂಡಿ ಕಟ್ಟಿಕೊಂಡು ಬನಶಂಕರಿ ಜಾತ್ರೆಗೆ ಹೋಗುತ್ತಿದ್ದುದನ್ನು ನಾವು ನೂರು ಸಲ ಕೇಳಿದ್ದೆವು. “ಬನಶಂಕರಿ ಕಡೆಯವರು” ಎಂದು ಅವ್ವ ಯಾರಿಗೋ ಪರಿಚಯ ಮಾಡಿಕೊಡುವವಳ ಹಾಗೆ ಹೇಳಿದಳು. ಅಷ್ಟರಲ್ಲಿ ನನ್ನ ಹೆಂಡತಿ ನನ್ನನ್ನು ದಾಟಿ ಬಂದು, ಸೆರಗನ್ನು ಬಾಯಿಗೆ ಕಟ್ಟಿಕೊಂಡು, ಚಿಲಕ ತೆಗೆದಿದ್ದಳು.

ಮುಂದಿನದನ್ನೆಲ್ಲ ಆಕೆಯೇ ನಡೆಸಿದಳು. ನನ್ನ ಹಾಗೆ ಅಂಜದಿದ್ದವಳೆಂದಲ್ಲ. ಅಂಜಿಕೆಗೆ ಒಂದು ವ್ಯವಸ್ಥೆ ಮಾಡಿದಳು. ಅವ್ವ ನಡುಮನೆಯಿಂದ ಹೊರಗೆ ಬರಕೂಡದು. ಬಂದವರಿಗೆ ಜಗಲಿಯ ಆ ತುದಿ, ನಮಗೆ ಹಿಂಬಾಗಿಲು. ಬಾವಿಯ ಬಳಿ ಒಂದು ಸಾಬೂನು, ಅವರದೇ ಬೇರೆ ಕೊಡ. ಹತ್ತು ಗಂಟೆಗೆ ಒಲೆ ಹಚ್ಚಿ ಗಂಜಿ ಕಾಯಿಸಿ, ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ದೂರ ಸರಿದು ನಿಂತಳು. ಹುಡುಗ ಮೂರು ಸಲ ಹಾಕಿಸಿಕೊಂಡ. ಕಾಟಿ ರಸ್ತೆ ಬಿಟ್ಟು ನಮ್ಮ ಬೇಲಿಯ ಸಂದಿಯಿಂದ ನುಸುಳಿ ಎಂದಿನಂತೆ ತೊಟ್ಟಿಗೆ ಬಂತು. ಜಗಲಿಯಲ್ಲಿ ಕುಳಿತವರೆಲ್ಲ ಉಣ್ಣುವುದನ್ನು ನಿಲ್ಲಿಸಿ ಅದು ನೀರು ಹೀರುವ ಸದ್ದನ್ನು ಕೇಳಿದರು. ಅವರನ್ನು ನಮ್ಮ ಗೇಟಿಗೆ ದೂಡಿದ್ದೇ ಅದು. ಈಗ ಏನೂ ಅರಿಯದಂತೆ ಕುಡಿದು ಹೋಯಿತು.

ಎರಡು ರಾತ್ರಿ ಇದ್ದರು. ಎರಡನೆಯ ದಿನ ಗಂಡಸರಿಬ್ಬರೂ ಸುಮ್ಮನೆ ಕೂಡಲಾರದೆ, ಕುಸಿದಿದ್ದ ಬಾವಿಯ ಕಟ್ಟೆಯ ಕಲ್ಲುಗಳನ್ನು ಮತ್ತೆ ಜೋಡಿಸಿಕೊಟ್ಟರು; ನಾನು ಎರಡು ವರುಷದಿಂದ ಮುಂದೂಡುತ್ತ ಬಂದಿದ್ದ ಕೆಲಸ. ಹುಡುಗನಿಗೆ ನಾನು ದೂರದಿಂದಲೇ ಮಂಗಟ್ಟೆಯ ಪೊಟರೆ ತೋರಿಸಿದೆ. ಗಂಡು ಹಕ್ಕಿ ಹಣ್ಣು ತಂದು ಸೀಳಿನಲ್ಲಿ ತೂರಿಸುವುದನ್ನು ಅವನು ನೋಡಿ, “ಒಳಗಿಂದು ಯಾವಾಗ ಹೊರಗ ಬರ್ತೈತ್ರಿ, ಸರ್?” ಎಂದು ಕೇಳಿದ. ಮರಿ ಸ್ವಲ್ಪ ದೊಡ್ಡದಾದ ಮೇಲೆ ಒಡೆದು ಬರುತ್ತದೆ ಎಂದೆ. ಅವನು ಯಾವ ಶಾಲೆ, ಎಷ್ಟನೆಯ ತರಗತಿ ಎಂದು ವಿಚಾರಿಸಿದೆ. ಎರಡು ವರುಷದಿಂದ ಶಾಲೆಗೆ ಹೋಗಿಲ್ಲವೆಂದ. ಅಪ್ಪ ಎಲ್ಲಿ ಕಟ್ಟಡ ಕಟ್ಟಿದರೆ ಅಲ್ಲಿ ಅವನ ಊರು. ಒಂದು ಹಳೆಯ ಕನ್ನಡ ಪಾಠಪುಸ್ತಕ ಕೊಟ್ಟೆ. ನನಗೆ ಕೊಡಲು ಬೇರೇನೂ ಹೊಳೆಯಲಿಲ್ಲ. ಮೂರನೆಯ ದಿನ ಸರಕಾರದ ವಾಹನ ಬಂದು, ನಡೆಯುತ್ತಿದ್ದವರನ್ನೆಲ್ಲ ಕೂಡಿಸಿಕೊಂಡು ಆಶ್ರಯಕೇಂದ್ರಕ್ಕೆ ಒಯ್ದಿತು. ಅವ್ವನಿಗೆ ಏನೂ ಆಗಲಿಲ್ಲ. ಆಗಿದ್ದರೆ ಇದನ್ನು ನಾನು ಬೇರೆ ಬಗೆಯಾಗಿ ಬರೆಯುತ್ತಿದ್ದೆನೋ, ಬರೆಯುತ್ತಲೇ ಇರಲಿಲ್ಲವೋ ಹೇಳಲಾರೆ.

ನನ್ನ ಆ ಒಂದು ಮಾತಿನ ಬಗ್ಗೆ ಮನೆಯಲ್ಲಿ ಯಾರೂ ಎತ್ತಿ ಆಡಲಿಲ್ಲ. ನನ್ನ ಗೆಳೆಯ ಮರುವರುಷ ಬಂದಾಗ ರಾತ್ರಿ ಜಗಲಿಯಲ್ಲಿ ಕುಳಿತು ಅವನಿಗೆ ಹೇಳಿದೆ. ಅವನು ಬಹಳ ಹೊತ್ತಿನ ಮೇಲೆ, “ನಮ್ಮೂರಾಗ ಹೊರಗಿಂದ ಬಂದವರನ್ನ ಊರ ಸೇರಸಬಾರದಂತ ದಾರಿಗೆ ಮುಳ್ಳ ಹಾಕಿದ್ರು. ನಾನೂ ಒಂದು ಕಂಟಿ ಎಳದೀನಿ” ಎಂದ. ಆಮೇಲೆ ನಾವು ಏನೂ ಮಾತಾಡಲಿಲ್ಲ.

2023ರ ಜನವರಿಯಲ್ಲಿ ಒಂದು ಭಾನುವಾರ ಮಧ್ಯಾಹ್ನ, ಗೇಟಿನ ಹೊರಗೆ ಯಾರೋ ನಿಂತಿದ್ದರು. ನಾನು ಹೋಗಿ ನೋಡಿದೆ, ಗುರುತು ಹತ್ತಲಿಲ್ಲ. ಅವನೇ ನಗುತ್ತ ಕೈ ಮೇಲಕ್ಕೆತ್ತಿ ಕೋಡುಗಳ ಹಾಗೆ ಮಾಡಿ ತೋರಿಸಿದ. ಆಗ ನೆನಪಾಯಿತು. ಬನಶಂಕರಿ ಜಾತ್ರೆ ಮಾಡಿಕ್ಯಾಂಡು ಮತ್ತೆ ಗೋವೆಗೆ ಕೆಲಸಕ್ಕೆ ಹೊರಟಿದ್ದವರು, ದಾರಿಯಲ್ಲಿ ಇಳಿದಿದ್ದರು. ಹೆಗಲ ಮೇಲೆ ಸಣ್ಣ ಚೀಲದಲ್ಲಿ ಹೊಸ ಜೋಳ, ಹೆಂಡತಿಯ ಕೈಯಲ್ಲಿ ಬೆಂಡು ಬತ್ತಾಸು, ಕುಂಕುಮದ ಪೊಟ್ಟಣ. ಕೈಗೂಸಾಗಿದ್ದದ್ದು ಈಗ ಲಂಗ ತೊಟ್ಟ ಹುಡುಗಿ. ತಾಯಿಯ ಸೆರಗು ಹಿಡಿದು ಅಂಗಳದಲ್ಲಿ ಏನನ್ನೋ ಹುಡುಕುತ್ತಿತ್ತು. “ಕಾಟಿ ಎಲ್ಲೈತಂತ ಕೇಳಾಕತ್ತೈತ್ರಿ. ಹೇಳಿ ಹೇಳಿ ತಲ್ಯಾಗ ಕುಂತೈತಿ” ಎಂದಳು ತಾಯಿ. ದೊಡ್ಡ ಹುಡುಗ ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದಾನಂತೆ, ಶಾಲೆಗೆ ಹೋಗುತ್ತಾನಂತೆ. ನನ್ನನ್ನು ಸಂತೋಷಪಡಿಸಲು ಹೇಳಿದರೋ ಎಂದು ನಾನು ಮೇಷ್ಟರ ಬುದ್ಧಿಯಿಂದ ತರಗತಿ ಕೇಳಿದೆ. ಐದನೆಯದೆಂದು ತಡವರಿಸದೆ ಉತ್ತರ ಬಂತು.

ಆ ಹೊತ್ತಿಗೆ ಅವ್ವನಿಗೆ ನೆನಪು ಕೈಕೊಡಲು ಆರಂಭವಾಗಿತ್ತು. ಬೆಳಿಗ್ಗೆ ಬಂದ ಮಗನನ್ನು ಸಂಜೆ ಯಾವಾಗ ಬಂದೆ ಎಂದು ಕೇಳುವಳು. ಜಗಲಿಯ ಕುರ್ಚಿಯಲ್ಲಿ ಬಿಸಿಲಿಗೆ ಕುಳಿತಿದ್ದವಳು ಇವರನ್ನು ನೋಡಿದಳು. ಆ ಹೆಣ್ಣುಮಗಳು ಹೋಗಿ ಕಾಲು ಮುಟ್ಟಿದಳು.

“ಯಾವ ಊರವರು?” ಎಂದಳು ಅವ್ವ.

“ಬಾದಾಮಿ ತಾಲೂಕು, ಯವ್ವಾ.”

“ಬನಶಂಕರಿ ಕಡೆಯವರು.” ಅವ್ವ ನನ್ನತ್ತ ತಿರುಗಿ ಹೇಳಿದಳು, ನನಗೆ ತಿಳಿಯದೇನೋ ಎಂಬಂತೆ. “ಕೈಕಾಲು ತೊಳಕೊಳ್ರಿ. ಊಟಕ್ಕ ಏಳ್ರಿ.”

ನನ್ನ ಹೆಂಡತಿ ಆಗಲೇ ಊಟ ಮುಗಿಸಿ ಪಾತ್ರೆ ತೊಳೆಯಲು ಕುಳಿತಿದ್ದಳು. ಎದ್ದು ಬಂದು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದಳು. ನಾನು ಏನೂ ಹೇಳದೆ ಅಡಿಗೆಮನೆಗೆ ಹೋಗಿ, ಒಲೆ ಊದಿ, ಪರಾತಕ್ಕೆ ಹಿಟ್ಟು ಜರಡಿ ಹಿಡಿಯತೊಡಗಿದೆ. ರೊಟ್ಟಿ ಬಡಿಯಲು ನನಗೆ ಬರುವುದಿಲ್ಲ. ಅದನ್ನು ಆಕೆಯೇ ಬಡಿಯಬೇಕಾಯಿತು. ಹೊಗೆ ಮಾತ್ರ ಆ ದಿನ ಇಬ್ಬರಿಗೂ ಇತ್ತು.